ಆರನೆಯ ಆವರ್ತ

ವಲೆನ್ಸಿಯಾ
ಫೆಬ್ರವರಿ ೪, ೧೯೯೬

ಒನೊಫ್ರೆ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿಯೂ ಇದನ್ನು ಒಲೆಗೆ ಹಾಕದೆ ಇಲ್ಲಿಯವರೆಗೆ ಓದಿದ್ದರೆ ನನ್ನ ಅರ್ಧ ಕೆಲಸ ಆದಂತೆ. ನಮ್ಮ ಅಲ್ಕೊರೆಲ್‌ನಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ನಮಗೆ ಹತ್ತೊಂಬತ್ತು ವರ್ಷ ಹಿಡಿಯಿತು.

ವಿಷಯಕ್ಕೆ ಬರುತ್ತೇನೆ. ನನ್ನ ಮೇಳದಲ್ಲಿ ಹನ್ನೆರಡು ಜನ, ಎಲ್ಲರೂ ಊದುವವರೇ. ಒಂದು ಪಿಟೀಲೂ ಇಲ್ಲ. ಮುಂದೆ ನಿಂತು ಕೈ ಬೀಸುವವನು ನಾನು. ಅರವತ್ತೆಂಟು ತುಂಬಿದ ಮೇಲೆ ಒಂದು ಹುಚ್ಚು ಹಚ್ಚಿಕೊಂಡಿದ್ದೇನೆ. ಈ ವರ್ಷ ನಾಲ್ಕು ಕಛೇರಿ, ಒಂದೊಂದರಲ್ಲೂ ಬೇರೆ ಕಸುಬಿನವರು ವೇದಿಕೆಯ ಮೇಲೆ ನಮ್ಮ ಜೊತೆ ಇರುತ್ತಾರೆ. ಮೊದಲು ಕುಣಿಯುವವರು, ಆಮೇಲೆ ಒಬ್ಬ ಕುಂಬಾರ, ಬೇಸಿಗೆಯಲ್ಲಿ ಪಟಾಕಿಯವನು, ನವೆಂಬರಿನಲ್ಲಿ ಒಬ್ಬ ಫೋಟೋದವಳು. ಹಳೆಯ ಸಂಗೀತವನ್ನು ಹೊಸಬರು ಕೇಳಬೇಕಾದರೆ ಕಣ್ಣಿಗೂ ಏನಾದರೂ ಕೆಲಸ ಕೊಡಬೇಕು ಎನ್ನುತ್ತಾಳೆ ನನ್ನ ಮಗಳು ಎಂಪಾರ್. ನೀನು ಕೊನೆಯ ಸಲ ನೋಡಿದಾಗ ಅವಳ ಮುಂದಿನ ಹಲ್ಲು ಬಿದ್ದಿತ್ತು. ಈಗ ಮೇಳದಲ್ಲಿ ಹಾರ್ನ್ ಊದುತ್ತಾಳೆ.

ಹೋದ ವಾರ ಮೊದಲ ಕಛೇರಿ ಆಯಿತು. ನಾಲ್ವರು ಬರಿಗಾಲಿನಲ್ಲಿ ನಮ್ಮ ಕುರ್ಚಿಗಳ ಸಂದಿಯಲ್ಲೇ ನುಸುಳಿ ಕುಣಿದರು. ಒಬ್ಬಳ ಕಾಲು ತಗುಲಿ ಬಸ್ಸೂನಿನ ಮುದುಕನ ಹಾಳೆಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅವನು ಊದುತ್ತಲೇ ಇದ್ದ. ಆಮೇಲೆ ಕೇಳಿದರೆ, "ಹಾಳೆ ಬಿದ್ದಿದ್ದು ಯಾರು ನೋಡಿದ್ರು? ನಾನು ಅವಳ ಕಾಲು ನೋಡ್ತಿದ್ದೆ" ಎಂದ.

ನನ್ನ ಓಬೋದ ಹುಡುಗಿಗೆ ಬಾಯಿಗಿಟ್ಟು ಊದಲು ಒಳ್ಳೆಯ ರೀಡ್ ಸಿಗುತ್ತಿಲ್ಲ. ಅಂಗಡಿಯವು ನಾಲ್ಕು ದಿನಕ್ಕೆ ಸತ್ತುಹೋಗುತ್ತವೆ. ಹೊಳೆದಂಡೆಯ ಜೊಂಡು ಕಡಿದು ತಂದು, ಕೆತ್ತಿ, ಕೆಂಪು ದಾರ ಸುತ್ತಿ ನೀನು ಮಾಡುತ್ತಿದ್ದಂಥದ್ದನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಎಂಟು ಕಳಿಸುತ್ತೀಯಾ?

ನಿನ್ನ ಮನೆಯಾಕೆ ಕಾರ್ಮೆತಾಗೆ ನನ್ನ ನೆನಪು ಹೇಳು, ಅವಳು ಕೇಳುವ ಮನಸ್ಸಿನಲ್ಲಿದ್ದರೆ.

ಉತ್ತರದ ದಾರಿ ಕಾಯುವ,
ರೆಮಿಜಿ


ಅಲ್ಕೊರೆಲ್
ಫೆಬ್ರವರಿ ೨೧

ರೆಮಿಜಿ,

ಕಾಗದ ಒಲೆಗೆ ಹೋಗಲಿಲ್ಲ. ಒಲೆ ಕಾರ್ಮೆತಾಳ ಕೈಯಲ್ಲಿದೆ, ನಿನ್ನ ಹೆಸರಿರುವುದನ್ನು ಅವಳು ಮುಟ್ಟುವುದಿಲ್ಲ. ಇಕ್ಕಳದಲ್ಲಿ ಹಿಡಿದು ತಂದು ನನ್ನ ಕೆಲಸದ ಮೇಜಿನ ಮೇಲೆ ಹಾಕಿದಳು. "ತಗೋ, ಬಂತು ನಿನ್ನ ಪುಣ್ಯಾತ್ಮನ ಓಲೆ. ಸ್ಪರ್ಧೆ ಆದ ಮಾರನೇ ದಿನಾನೇ ಬರ್ಬೇಕಿತ್ತು, ಪಾಪ, ದಾರೀಲಿ ಎಲ್ಲೋ ಊಟಕ್ಕೆ ಕೂತಿತ್ತೇನೋ" ಎಂದಳು.

ಎಂಟು ಕೇಳಿದ್ದೀಯ. ಆ ಲೆಕ್ಕ ನಿನಗೆ ಮರೆತಿರಬಹುದು, ಊರು ಮರೆತಿಲ್ಲ. ೧೯೭೭ರ ಜುಲೈಯಲ್ಲಿ, ಗೂಳಿಕಾಳಗದ ಅಂಗಳದಲ್ಲಿ, ಅಷ್ಟು ಸಾವಿರ ಜನರ ಎದುರು, ಎಂಟು ಆವರ್ತ ಸುಮ್ಮನಿದ್ದು ಆಮೇಲೆ ಎತ್ತಬೇಕಾಗಿದ್ದ ನನ್ನ ಓಬೋ ಆರಕ್ಕೇ ಎತ್ತಿಬಿಟ್ಟಿತು. ಮೊದಲ ಬಹುಮಾನ ಪಕ್ಕದೂರಿನ ಬ್ಯಾಂಡಿನ ಪಾಲಾಯಿತು. ಅಂದಿನಿಂದ ಬ್ರೆಡ್ಡಿನ ಅಂಗಡಿಯ ತೊನೆತಾ ನನ್ನ ಮುಖ ಕಂಡ ಕೂಡಲೇ, "ಬನ್ನು ಆರು ಕೊಡ್ಲಾ, ಎಂಟು ಕೊಡ್ಲಾ, ಒನೊಫ್ರೆ?" ಎಂದು ಕೇಳುತ್ತಾಳೆ. ಈಗ ಅವಳಿಗೆ ಎಂಬತ್ತು. ಅವಳು ಮರೆತ ದಿನ ಮಗಳು ನೆನಪಿಸುತ್ತಾಳೆ. ನಾನು ನಗುತ್ತೇನೆ. ನಕ್ಕು ನಕ್ಕು ದವಡೆ ಸವೆದಿದೆ.

ರೀಡ್ ಮಾಡುವುದನ್ನು ಬಿಟ್ಟಿಲ್ಲ, ಊದುವುದನ್ನು ಬಿಟ್ಟೆ. ಬ್ಯಾಂಡಿನ ಮೊದಲ ಕುರ್ಚಿಯಿಂದ ನನ್ನನ್ನು ಎಬ್ಬಿಸಿದ ದಿನ ಓಬೋವನ್ನು ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲೆ ಇಟ್ಟವನು ಮತ್ತೆ ಇಳಿಸಲಿಲ್ಲ.

ಹುಡುಗಿಗೆ ಆರು ರೀಡ್ ಕಳಿಸಿದ್ದೇನೆ. ಎಂಟಲ್ಲ. ದಾರ ಕೆಂಪೇ.

ನಿನ್ನ ಅಕ್ಷರ ಎಲ್ಲಿ? ಟೈಪು ಮಾಡಿಸುವಷ್ಟು ದೊಡ್ಡ ಮನುಷ್ಯನಾದೆಯಾ?

ಇಷ್ಟೇ.
ಒನೊಫ್ರೆ


ವಲೆನ್ಸಿಯಾ
ಏಪ್ರಿಲ್ ೧೫

ಒನೊಫ್ರೆ,

ಟೈಪು ಎಂಪಾರಳ ಹುಚ್ಚು. ನಾನು ಹೇಳುತ್ತೇನೆ, ಅವಳು ಬಡಿಯುತ್ತಾಳೆ.

ನಿನ್ನ ರೀಡ್ ಬಾಯಿಗಿಟ್ಟ ನಮ್ಮ ಹುಡುಗಿ ಒಂದು ಸ್ವರ ಊದಿ, ನಿಲ್ಲಿಸಿ, "ಇದನ್ನ ಮಾಡಿದವರು ಬದುಕಿದ್ದಾರಾ?" ಎಂದಳು. ಬದುಕಿದ್ದಾನೆ, ಸಿಟ್ಟಿನಲ್ಲಿದ್ದಾನೆ ಎಂದೆ.

ಕುಂಬಾರನ ಕಛೇರಿ ಮುಗಿಯಿತು. ವೇದಿಕೆಯ ನಡುವೆ ತಿಗರಿ, ಸುತ್ತ ನಾವು. ಅವನು ಮಣ್ಣು ಎತ್ತುತ್ತಿದ್ದಂತೆ ನಾವು ಸ್ವರ ಎತ್ತುತ್ತ ಹೋದೆವು. ಮಡಕೆಯ ಕೊರಳು ಉದ್ದವಾಗಿ ಬಂದಿತ್ತು, ಚೆಂದವಾಗಿತ್ತು. ಸರಿಯಾಗಿ ಕೊನೆಯ ಸ್ವರಕ್ಕೆ ಕುಸಿದು ಮುದ್ದೆಯಾಯಿತು. ಜನ ಅದನ್ನೇ ಕಲೆ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕುಂಬಾರ ನನ್ನ ಕಿವಿಯ ಹತ್ತಿರ ಬಂದು, "ಅಲ್ಲ ಸ್ವಾಮಿ, ನನ್ನ ಮಡಕೆ ಹಾಳಾಗಿದೆ, ಇವರ್ಯಾಕೆ ಇಷ್ಟು ಖುಷಿ ಪಡ್ತಿದಾರೆ?" ಎಂದ. "ಸುಮ್ನೆ ತಲೆ ಬಾಗ್ಸಿ" ಎಂದೆ.

ಈಗ ಮುಖ್ಯ ಮಾತು. ನಾಲ್ಕನೆಯ ಕಛೇರಿ ನವೆಂಬರ್ ೨೪, ನಮ್ಮ ಸಂಗೀತಗಾರರ ಸಂತ ಸೆಸಿಲಿಯಾಳ ಹಬ್ಬದ ಭಾನುವಾರ. ಅದನ್ನು ಅಲ್ಕೊರೆಲ್‌ನಲ್ಲಿ, ನಮ್ಮ ಬ್ಯಾಂಡಿನ ಸಭಾಂಗಣದಲ್ಲೇ ಮಾಡುತ್ತೇವೆ. ಅಧ್ಯಕ್ಷರು ಒಪ್ಪಿದ್ದಾರೆ. ಫೋಟೋದವಳು ಊರಿನ ಹಳೆಯ ಚಿತ್ರಗಳನ್ನೆಲ್ಲ ಹುಡುಕಿ ತಂದು, ನಾವು ನುಡಿಸುತ್ತಿರುವಾಗ ಪರದೆಯ ಮೇಲೆ ಬಿಡುತ್ತಾಳೆ. ಅಂಗಳದಲ್ಲಿ ನುಡಿಸಿದ ಆ ನಿಧಾನದ ತುಣುಕನ್ನು ಮತ್ತೆ ನುಡಿಸುತ್ತೇವೆ. ಅದರಲ್ಲಿ ಒಂಟಿ ಓಬೋ ನೀನೇ ಊದಬೇಕು.

ಇಲ್ಲ ಎನ್ನುವ ಮುಂಚೆ ನಾಲ್ಕು ದಿನ ತಡೆ.

ನಿನ್ನ,
ರೆಮಿಜಿ


ಅಲ್ಕೊರೆಲ್
ಮೇ ೨

ರೆಮಿಜಿ,

ನಾಲ್ಕು ದಿನ ಅಲ್ಲ, ಹದಿನಾಲ್ಕು ದಿನ ತಡೆದೆ. ಆದರೂ ಇಲ್ಲ.

ಕುಂಬಾರನ ಕಥೆ ಓದಿ ಕಾರ್ಮೆತಾಳಿಗೂ ಹೇಳಿದೆ. ಅವಳು ಬಟಾಣಿ ಸುಲಿಯುತ್ತಿದ್ದಳು. "ಹಾಳಾಗಿದ್ದಕ್ಕೆ ತಲೆ ಬಾಗ್ಸಿ ಚಪ್ಪಾಳೆ ತಗೊಳ್ಳೋದು ಅವನಿಗೆ ಯಾರಾದ್ರೂ ಹೇಳ್ಕೊಡ್ಬೇಕಾ?" ಎಂದಳು. ಅವಳ ಮಾತಿಗೆ ನಾನು ಸೇರಿಸುವುದು ಏನೂ ಇಲ್ಲ.

ಆದರೂ ಸೇರಿಸುತ್ತೇನೆ. ಅವತ್ತು ನನ್ನ ಕಣ್ಣು ಹಾಳೆಯ ಮೇಲಿರಲಿಲ್ಲ, ಮುಂದೆ ನಿಂತು ನಮ್ಮನ್ನು ನಡೆಸುತ್ತಿದ್ದ ನಿನ್ನ ಎಡಗೈಯ ಮೇಲಿತ್ತು. ನಮ್ಮ ಬ್ಯಾಂಡಿಗೆ ಸೇರಿದ ಮಕ್ಕಳಿಗೆ ಮೊದಲ ದಿನ ಕಲಿಸುವುದೇ ಅದು: ಹಾಳೆ ಏನೇ ಹೇಳಲಿ, ಕೈ ಕರೆದರೆ ಹೋಗಬೇಕು. ನನಗೂ ನಿನಗೂ ಒಂದೇ ದಿನ, ಒಂದೇ ಬೆಂಚಿನ ಮೇಲೆ ಕೂರಿಸಿ ಕಲಿಸಿದರು. ಬಹುಮಾನ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಅದು ಒಂದು ಬಟ್ಟೆಯ ಬಾವುಟ, ಪಕ್ಕದೂರಿನಲ್ಲಿ ಹುಳು ತಿಂದು ಹೋಗಿದೆಯಂತೆ. ನನ್ನ ಬೇಜಾರು ಬೇರೆ.

ಆ ಸಭಾಂಗಣದಲ್ಲಿ, ಆ ಜನರ ಮುಂದೆ, ನೀನು ಒಂದೇ ಒಂದು ಮಾತು ಹೇಳಿದರೆ ಪೆಟ್ಟಿಗೆ ಇಳಿಸುತ್ತೇನೆ. ಯಾವ ಮಾತು ಎಂದು ನಾನು ಬರೆದುಕೊಡುವುದಿಲ್ಲ. ಅದು ನಿನಗೆ ಬಾಯಿಪಾಠ ಬರುತ್ತದೆ.

ಇಂತು,
ಒನೊಫ್ರೆ


ವಲೆನ್ಸಿಯಾ
ಜುಲೈ ೧೬

ಒನೊಫ್ರೆ,

ಉತ್ತರ ತಡವಾಯಿತು. ಆಸ್ಪತ್ರೆಯ ಓಡಾಟವಿತ್ತು, ವಿಶೇಷವೇನಲ್ಲ.

ಪಟಾಕಿಯವನ ಕಛೇರಿ ನಿನ್ನೆ ಸಂಜೆ ಬತ್ತಿದ ಹೊಳೆಯ ಪಾತ್ರದಲ್ಲಿ ಆಯಿತು. ನಾವು ಒಂದು ಸಾಲು ಊದುವುದು, ಅವನು ಅದೇ ಲಯದಲ್ಲಿ ಸಿಡಿಸುವುದು. ಅವನ ಅಜ್ಜನ ಕಾಲದಿಂದ ಅದೇ ಕಸುಬು, ಎಡಗಿವಿ ಪೂರಾ ಹೋಗಿದೆ. ಆದರೂ ಒಂದು ಏಟೂ ತಪ್ಪಲಿಲ್ಲ. "ಲಯ ಕಿವೀಲಿ ಇರಲ್ಲ ಮೇಷ್ಟ್ರೇ, ಕಾಲಲ್ಲಿರುತ್ತೆ" ಎಂದ.

ನವೆಂಬರಿನ ಬೆಳಿಗ್ಗೆ ನಾವು ಹನ್ನೆರಡೂ ಜನ ಊದುತ್ತ ನಿನ್ನ ಬೀದಿಗೆ ಬರುತ್ತೇವೆ. ಹಬ್ಬದ ದಿನ ಬ್ಯಾಂಡು ಹೊಸಬರ ಮನೆ ಬಾಗಿಲಿಗೇ ಹೋಗಿ ಅವರನ್ನು ಕರೆದುಕೊಂಡು ಬರುತ್ತದಲ್ಲ, ಹಾಗೆ. ನಮ್ಮಿಬ್ಬರನ್ನೂ ಹಾಗೆಯೇ ಕರೆದೊಯ್ದಿದ್ದರು. ನಿನ್ನ ಟೋಪಿ ಕಿವಿ ಮುಚ್ಚುತ್ತಿತ್ತು, ನಿಮ್ಮಮ್ಮ ಒಳಗೆ ಕಾಗದ ತುರುಕಿದ್ದರು. ಈ ಸಲ ನಿನ್ನ ಬಾಗಿಲಲ್ಲಿ ನಿಂತು ಕರೆಯುವವನು ನಾನು.

ನೀನು ಕೇಳಿದ ಮಾತು ಎದುರಿಗೆ ಸಿಕ್ಕಾಗ. ಕಾಗದದಲ್ಲಿ ಬೇಡ, ಬರೆಯುವವಳು ಎಂಪಾರ್.

ನಿನ್ನ,
ರೆಮಿಜಿ


ಅಲ್ಕೊರೆಲ್
ಸೆಪ್ಟೆಂಬರ್ ೮

ರೆಮಿಜಿ,

ಪೆಟ್ಟಿಗೆ ಇಳಿಸಿದೆ. ಮುಚ್ಚಳ ತೆಗೆದರೆ ಒಳಗಿನ ಬಟ್ಟೆಯ ವಾಸನೆಗೆ ಕಣ್ಣಲ್ಲಿ ನೀರು ಬಂತು. ಧೂಳಿಗೆ ಎಂದು ಹೇಳಿಕೊಂಡೆ. ಒಂದು ತಿಂಗಳಿಂದ ದಿನಾ ಮಧ್ಯಾಹ್ನ ಊದುತ್ತಿದ್ದೇನೆ. ತುಟಿ ಹಳೆಯ ರಬ್ಬರಿನ ಹಾಗಾಗಿದೆ. ಮೊದಲ ದಿನ ಕಾರ್ಮೆತಾ ಕಿಟಕಿ ಮುಚ್ಚಿದಳು. "ಜನ ಕೇಳಿದ್ರೆ ಮನೇಲಿ ಬಾತುಕೋಳಿ ಸಾಕಿದೀವಿ ಅಂದ್ಕೋತಾರೆ" ಎಂದಳು. ನಿನ್ನೆ ಅವಳೇ ಕಿಟಕಿ ತೆಗೆದಿಟ್ಟಳು.

ನಮ್ಮ ಬ್ಯಾಂಡಿನ ದೊಡ್ಡ ಡೋಲಿನ ಎಲಿಸೆವ್ ನಿಮ್ಮ ಪಟಾಕಿ ಕಛೇರಿಗೆ ಬಂದಿದ್ದನಂತೆ. ಅವನು ಒಂದು ಮಾತು ಹೇಳಿದ. "ರೆಮಿಜಿ ಒಂದೇ ಕೈಯಲ್ಲಿ ಎಲ್ಲಾ ಮಾಡ್ದ ಕಣೋ. ಎಡಗೈ ಶುರುವಿಂದ ಕೊನೇವರೆಗೂ ಜೇಬಲ್ಲೇ ಇತ್ತು. ಅಷ್ಟು ಜಂಬನಾ?" ಜಂಬ ಇರಲಾರದು ಎಂದೆ. ನಿನ್ನ ಎಡಗೈಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿ ಇಲ್ಲ.

ನಿನ್ನ ಕೈಗೆ ಏನಾಗಿದೆ? ಟೈಪು ಮಾಡಿಸಬೇಡ. ಎರಡೇ ಸಾಲಾದರೂ ನೀನೇ ಬರೆ.

ಮಾತು ಹೇಳುತ್ತೀಯ ಎಂದು ನಂಬಿಕೊಂಡಿದ್ದೇನೆ.

ನಿನ್ನ,
ಒನೊಫ್ರೆ


ವಲೆನ್ಸಿಯಾ
ಅಕ್ಟೋಬರ್ ೧೮

ಒನೊಫ್ರೆ,

ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನದೇ. ಕೈ ನಡುಗುವ ಕಾಯಿಲೆ, ನಾಲ್ಕು ವರ್ಷವಾಯಿತು. ಎಡಗೈಗೆ ಮೊದಲು ಬಂತು, ಈಗ ಬಲಗೈಗೂ ಬಂದಿದೆ. ಹೋದ ತಿಂಗಳು ಮೆಟ್ಟಿಲಲ್ಲಿ ಬಿದ್ದೆ, ಮಲಗಿದಲ್ಲೇ ಎದೆ ಕಟ್ಟಿದೆ. ಈ ಒಂದು ಹಾಳೆಗೆ ಐದು ದಿನ ಹಿಡಿಯಿತು. ಎಂಪಾರಳಿಗೆ ಹೇಳಿ ಬರೆಸುವ ಕಾಗದ ಅಲ್ಲ ಇದು. ಅವಳು ಇದನ್ನು ಓದಿಲ್ಲ.

ಅವತ್ತು ಆರನೆಯ ಆವರ್ತದಲ್ಲಿ ಕೈ ಎತ್ತಿದವನು ನಾನು. ಲೆಕ್ಕ ತಪ್ಪಿದ್ದು ನನಗೆ. ಎತ್ತಿದ ಕ್ಷಣವೇ ತಿಳಿಯಿತು. ಇಳಿಸುವಷ್ಟರಲ್ಲಿ ನೀನು ಶುರು ಮಾಡಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ನಿನ್ನ ಮೇಲೆ ಹರಿಹಾಯ್ದರು. ನಾನು ಮುಂದಿನ ಸೀಟಿನಲ್ಲಿ ಕೂತು ಕಿಟಕಿಯ ಹೊರಗೆ ಕಿತ್ತಳೆ ತೋಟ ನೋಡುತ್ತಿದ್ದೆ. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನ ನಗರದಿಂದ ಕೆಲಸದ ಕರೆ ಬಂತು, ಹೇಳಿದ್ದರೆ ಅದು ಹೋಗುತ್ತಿತ್ತು. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎನ್ನುತ್ತಿದ್ದರು. ಹೀಗೆಯೇ ಇಷ್ಟು ವರ್ಷ. ನನಗೆ ನಾಚಿಕೆಯಾಗಿದೆ, ಒನೊಫ್ರೆ.

ನವೆಂಬರಿಗೆ ನಾನು ಬರಲಾಗದಿದ್ದರೆ ಈ ಕಾಗದವನ್ನು ನೀನೇ ಸಭೆಯಲ್ಲಿ ಓದಿಬಿಡು. ನೀನು ಓದುತ್ತೀಯ ಎಂದು ಎಂಪಾರಳಿಗೂ ಹೇಳಿದ್ದೇನೆ, ಏನು ಎಂದು ಹೇಳಿಲ್ಲ.

ಒಂದು ಪ್ರಶ್ನೆ ನನ್ನನ್ನು ತಿನ್ನುತ್ತಿದೆ. ಕೈ ನೋಡಿ ನೀನೂ ಲೆಕ್ಕ ಮರೆತೆಯೋ, ಅಥವಾ ಆರು ಎಂದು ಗೊತ್ತಿದ್ದೂ ಬಂದೆಯೋ? ಇದೊಂದನ್ನು ಬರೆ.

ರೆಮಿಜಿ


ಅಲ್ಕೊರೆಲ್
ಅಕ್ಟೋಬರ್ ೨೨

ರೆಮಿಜಿ,

ಗೊತ್ತಿತ್ತು. ಐದು, ಆರು ಎಂದು ಬಾಯೊಳಗೇ ಎಣಿಸುತ್ತಿದ್ದೆ. ನಿನ್ನ ಕೈ ಎದ್ದಿತು. ಇನ್ನೂ ಎರಡು ಬಾಕಿ ಇವೆ ಎಂದು ಗೊತ್ತಿದ್ದೇ ಬಂದೆ. ನೀನು ಕರೆದೆ, ಅದಕ್ಕೆ ಬಂದೆ. ಅಷ್ಟು ಜನರ ಎದುರು ನಿನ್ನ ಕೈಯೊಂದೇ ಹಾಗೆ ಎದ್ದು ನಿಲ್ಲುವುದು ನನಗೆ ನೋಡಲಾಗಲಿಲ್ಲ.

ಮಾರನೆಯ ದಿನ ನೀನು ಬರುತ್ತೀಯ ಎಂದು ಕಾರ್ಮೆತಾ ಊಟಕ್ಕೆ ಮೂರು ತಟ್ಟೆ ಇಟ್ಟಿದ್ದಳು. ಅನ್ನ ಆರಿತು. ನನ್ನ ಸಿಟ್ಟೆಲ್ಲ ಆ ಮೂರನೆಯ ತಟ್ಟೆಯದು, ಬೇರೆ ಯಾವುದೂ ಅಲ್ಲ. ನೀನು ಬಂದು ನನ್ನೊಬ್ಬನಿಗೇ ಹೇಳಿದ್ದರೂ ಸಾಕಿತ್ತು. ಊರಿನ ಬಾಯಿ ನಾನು ನೋಡಿಕೊಳ್ಳುತ್ತಿದ್ದೆ.

ನಿನ್ನ ಕಾಗದವನ್ನು ನಾನು ಓದುವುದಿಲ್ಲ. ಇಷ್ಟು ವರ್ಷ ನಿನ್ನ ತಪ್ಪನ್ನು ಹೊತ್ತೆ, ಈಗ ಅದನ್ನು ಸಾರುವ ಕೆಲಸವನ್ನೂ ನನಗೇ ಹಚ್ಚಬೇಡ. ನೀನೇ ಬಾ. ಕುರ್ಚಿಯಲ್ಲಿ ಕೂತು ಹೇಳು, ತೊದಲಿ ಹೇಳು. ಪಕ್ಕದಲ್ಲಿ ನಾನಿರುತ್ತೇನೆ. ಕೈ ನಡುಗಿದರೆ ಹಿಡಿದುಕೊಳ್ಳುತ್ತೇನೆ.

ನಿನ್ನ ಬೆಂಚಿನವನು,
ಒನೊಫ್ರೆ


ವಲೆನ್ಸಿಯಾ
ನವೆಂಬರ್ ೩

ಒನೊಫ್ರೆ ಮಾವ,

ಅಪ್ಪ ಹೋದ ತಿಂಗಳ ಮೂವತ್ತರಂದು ತೀರಿಕೊಂಡರು. ಎದೆಯ ಕಫ ಇಳಿಯಲೇ ಇಲ್ಲ. ಮರುದಿನವೇ ಮಣ್ಣು ಮಾಡಿದೆವು, ಯಾರಿಗೂ ಸರಿಯಾಗಿ ತಿಳಿಸಲಾಗಲಿಲ್ಲ, ಕ್ಷಮಿಸಿ.

ಕೊನೆಯ ವಾರ ದಿನಾ ಒಂದೇ ಪ್ರಶ್ನೆ: "ಅಲ್ಕೊರೆಲ್‌ನಿಂದ ಕಾಗದ ಬಂತಾ?" ಇಲ್ಲಪ್ಪ ಎಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ಒಮ್ಮೆ, "ಬರ್ದಿರ್ತಾನೆ, ಒನೊಫ್ರೆ ಬರೀದೆ ಇರೋನಲ್ಲ" ಎಂದರು. ನಿಮ್ಮ ಕಾಗದ ಮೂವತ್ತೊಂದರ ಬೆಳಿಗ್ಗೆ ಬಂತು. ನಾನು ಒಡೆಯಲಿಲ್ಲ. ಅವರ ಕೋಟಿನ ಒಳಜೇಬಿನಲ್ಲಿ ಹಾಗೇ ಇಟ್ಟು ಕಳಿಸಿದೆ.

ಕಛೇರಿ ನಿಲ್ಲಿಸುವುದಿಲ್ಲ. ಮುಂದೆ ಯಾರೂ ನಿಲ್ಲುವುದಿಲ್ಲ, ಅಪ್ಪ ತಾಳ ತೋರಿಸುತ್ತಿದ್ದ ಕೋಲನ್ನು ಅವರು ನಿಲ್ಲುತ್ತಿದ್ದ ಕಟ್ಟೆಯ ಮೇಲಿಟ್ಟು ನಾವೇ ಎಣಿಸಿಕೊಂಡು ನುಡಿಸುತ್ತೇವೆ. ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬರುತ್ತೇವೆ. ಅಪ್ಪ ಬರೆದ ಕೊನೆಯ ಕಾಗದವನ್ನು ನೀವು ಸಭೆಯ ಮುಂದೆ ಓದುತ್ತೀರಿ ಎಂದು ಹೇಳಿದ್ದರು. ಅದರಲ್ಲಿ ಏನಿತ್ತು ಮಾವ? ಅವರು ಏನೋ ಒಂದನ್ನು ಹೊತ್ತುಕೊಂಡಿದ್ದರು. ನನಗೆ ಹೇಳಲಿಲ್ಲ.

ನಿಮ್ಮ,
ಎಂಪಾರ್


ಅಲ್ಕೊರೆಲ್
ನವೆಂಬರ್ ೨೬

ಮಗು ಎಂಪಾರ್,

ಮೊನ್ನೆ ನಿನ್ನ ಜೊತೆ ಸರಿಯಾಗಿ ಮಾತಾಡಲಾಗಲಿಲ್ಲ, ಊರೆಲ್ಲ ಸುತ್ತಿಕೊಂಡಿತ್ತು. ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು. ನಿನ್ನ ಅಪ್ಪನಿಗೆ ಉತ್ತರವನ್ನು ಇಪ್ಪತ್ತೆರಡಕ್ಕೇ ಬರೆದಿದ್ದೆ. ಅಂಚೆಗೆ ಹಾಕಿದ್ದು ಇಪ್ಪತ್ತೊಂಬತ್ತಕ್ಕೆ. ಏಳು ದಿನ ರೀಡಿನ ಡಬ್ಬಿಯ ಕೆಳಗಿತ್ತು. ಸಿಟ್ಟು ಇನ್ನೂ ಒಂದಿಷ್ಟು ಉಳಿದಿತ್ತು. ಅವನೂ ಒಂದು ವಾರ ಕಾಯಲಿ, ನಾನು ಎಷ್ಟು ಕಾದಿಲ್ಲ ಎಂದುಕೊಂಡೆ. ಅವನಿಗೆ ಒಂದು ವಾರ ಇರಲಿಲ್ಲ. ನೀನು ಒಡೆಯದೆ ಜೇಬಿನಲ್ಲಿಟ್ಟೆ ಎಂದು ಓದಿದಾಗ, ಒಡೆದು ಅವನ ಕಿವಿಯ ಹತ್ತಿರ ಮೊದಲ ಸಾಲನ್ನಾದರೂ ಓದಬಾರದಿತ್ತೇ ಎಂದು ಅತ್ತೆ. ತಪ್ಪು ನಿನ್ನದಲ್ಲ. ತಡ ಮಾಡಿದವನು ನಾನು. ಇದು ನನ್ನ ಜೊತೆಯೇ ಇರುತ್ತದೆ.

ಅವನ ಕಾಗದದಲ್ಲಿ ಏನಿತ್ತು ಎಂದು ಕೇಳಿದ್ದೀಯ. ರೀಡಿನ ವಿಷಯ. ದಾರ ಬಿಗಿಯಾಯಿತೇ, ಸಡಿಲವಾಯಿತೇ ಎಂದು ಕೇಳಿದ್ದ, ಮುದುಕರ ಕಸುಬಿನ ಮಾತು. ಅಧ್ಯಕ್ಷರು ನನ್ನನ್ನು ಮಾತಾಡಲು ಎಬ್ಬಿಸಿದಾಗ ಅದು ನನ್ನ ಜೇಬಿನಲ್ಲೇ ಇತ್ತು, ತೆಗೆಯಲು ಕೈಯನ್ನೂ ಹಾಕಿದ್ದೆ. ಅಷ್ಟರಲ್ಲಿ ಹಾರ್ನ್ ಮಡಿಲಲ್ಲಿಟ್ಟುಕೊಂಡು ಕೂತ ನಿನ್ನ ಮುಖ ಕಂಡಿತು. ರೀಡಿನ ಮಾತನ್ನು ಸಭೆಯಲ್ಲಿ ಓದಿದರೆ ಜನ ನಗುತ್ತಾರೆ. "ರೆಮಿಜಿ ನನ್ನ ಸ್ನೇಹಿತ" ಎಂದಷ್ಟೇ ಹೇಳಿ ಕೂತೆ. ಅದು ನಿಜ.

ನೀವು ಬಾಗಿಲಿಗೆ ಬಂದಾಗ ಕಾರ್ಮೆತಾ ಎಲ್ಲರಿಗೂ ಸಿಹಿ ವೈನು, ಕಡುಬು ಹಂಚಿದಳಲ್ಲ, ಹಿಂದಿನ ದಿನವೆಲ್ಲ ಅದನ್ನು ಮಾಡುತ್ತ ನಿನ್ನ ಅಪ್ಪನನ್ನು ಬೈಯುತ್ತಿದ್ದಳು. ಬೈಯುತ್ತ ಬೈಯುತ್ತ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಎಪ್ಪತ್ತರ ಹತ್ತಿರ ಬಂದ ನಾನು, ಹೊಸದಾಗಿ ಸೇರಿದ ಹುಡುಗನ ಹಾಗೆ ಟೋಪಿ ಹಾಕಿಕೊಂಡು ನಿಮ್ಮ ಸಾಲಿನಲ್ಲಿ ನಡೆದೆ. ಕರೆಯುವವನು ಮಾತ್ರ ಇರಲಿಲ್ಲ.

ಆ ನಿಧಾನದ ತುಣುಕಿನಲ್ಲಿ ಫೋಟೋದವಳು ಚಿತ್ರವನ್ನು ಎರಡು ಆವರ್ತ ಮುಂಚೆಯೇ ಬಿಟ್ಟಳು. ನೀನೂ ನೋಡಿರುತ್ತೀಯ. ಆ ಹಳೆಯ ಸ್ಪರ್ಧೆಯ ಅಂಗಳದ ಚಿತ್ರ, ಗೋಡೆಯಷ್ಟು ದೊಡ್ಡದಾಗಿ ನಿನ್ನ ಅಪ್ಪನ ಎಡಗೈ, ನನ್ನ ಕಡೆಗೇ ಎದ್ದು ನಿಂತಿತ್ತು. ನಾನು ಆರು ಎಣಿಸಿದ್ದೆ. ತುಟಿ ಹೊರಟೇಬಿಟ್ಟಿತ್ತು. ತಡೆದುಕೊಂಡೆ. ಅವನು ಕರೆದಾಗ ನಾನು ಹೋಗದೆ ಕೂತದ್ದು ಅದೊಂದೇ ಸಲ. ಆ ಎರಡು ಆವರ್ತದಷ್ಟು ಉದ್ದದ ಹೊತ್ತನ್ನು ನಾನು ಯಾವತ್ತೂ ಕಳೆದಿಲ್ಲ. ಎಂಟಕ್ಕೆ ಎತ್ತಿದೆ, ನೀವೆಲ್ಲ ಚೆನ್ನಾಗಿ ಬಂತು ಎಂದಿರಿ.

ಮುಗಿದ ಮೇಲೆ ಎಲಿಸೆವ್ ಬೆನ್ನಿಗೆ ಗುದ್ದಿ, "ಅಂತೂ ಎಣಿಸೋದು ಕಲ್ತೆ ಬಿಡು. ಹತ್ತೊಂಬತ್ತು ವರ್ಷ ಬೇಕಾಯ್ತಲ್ಲೋ" ಎಂದ. "ದಡ್ಡ ಅಲ್ವಾ, ಅಷ್ಟು ಬೇಕು ಮಾರಾಯಾ" ಎಂದೆ.

ಬಿಡುವಾದಾಗ ಒಂದು ಭಾನುವಾರ ಊಟಕ್ಕೆ ಬಾ. ತಟ್ಟೆ ಒಂದು ಹೆಚ್ಚಿಗೆ ಇದೆ.

ನಿನ್ನೆ ಬೆಳಿಗ್ಗೆ ಬ್ರೆಡ್ಡಿನ ಅಂಗಡಿಗೆ ಹೋಗಿದ್ದೆ. ತೊನೆತಾಳೂ ಕಛೇರಿಗೆ ಬಂದಿದ್ದಳು. ನನ್ನನ್ನು ಕಂಡು ಕುರ್ಚಿಯಿಂದ ಎದ್ದಳು. ಏನೂ ಕೇಳದೆ ಎಂಟು ಬನ್ನು ಎಣಿಸಿ ಚೀಲಕ್ಕೆ ಹಾಕಿ, "ತಗೋ ಒನೊಫ್ರೆ, ಇನ್ಮೇಲೆ ನಾನು ಕೇಳಲ್ಲ" ಎಂದಳು. ಚೀಲದಿಂದ ಎರಡು ತೆಗೆದು ಅವಳ ಮುಂದೆ ಇಟ್ಟೆ.

"ನಂಗೆ ಆರು ಸಾಕಮ್ಮ" ಎಂದೆ.

ನಿನ್ನ ಅಪ್ಪನ ಸ್ನೇಹಿತ,
ಒನೊಫ್ರೆ